ಹೊಗಳಿದ್ದೋ, ತೆಗಳಿದ್ದೋ?

ಮನುಷ್ಯರ ಸ್ವಭಾವ ಮತ್ತು ಅಭ್ಯಾಸಗಳನ್ನು ಬಣ್ಣಿಸುವ ಇಂಗ್ಲಿಷ್ ನುಡಿಗಟ್ಟುಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ. ಹೆಚ್ಚಿನವರು ಕೇಳಿದ್ದು ಅರ್ಥವನ್ನು. ಅರ್ಥ ನಿಘಂಟಿನಲ್ಲೂ ಸಿಗುತ್ತದೆ. ಆ ಮಾತನ್ನು ಎದುರಿಗೆ ಹೇಳಬಹುದೇ, ಬೆನ್ನ ಹಿಂದೆ ಮಾತ್ರ ಹೇಳುವುದೇ, ಹೇಳಿದರೆ ಕೇಳಿದವರಿಗೆ ಖುಷಿಯಾಗುತ್ತದೋ ಸಿಟ್ಟು ಬರುತ್ತದೋ ಎಂಬುದು ಅಲ್ಲಿ ಅಷ್ಟು ಸುಲಭವಾಗಿ ಸಿಗದು. ಆದ್ದರಿಂದ ಉತ್ತರಗಳ ಒತ್ತು ಆ ಕಡೆಗಿದೆ.

ಪ್ರಶ್ನೆ: ವಾರ್ಷಿಕ ಮೌಲ್ಯಮಾಪನದಲ್ಲಿ ಮೇಲಧಿಕಾರಿ ನನ್ನನ್ನು ‘ಥಿಕ್-ಸ್ಕಿನ್ಡ್’ ಎಂದು ಬರೆದಿದ್ದಾರೆ. ಅದೇ ಹಾಳೆಯಲ್ಲಿ ಬಡ್ತಿಗೆ ಶಿಫಾರಸನ್ನೂ ಮಾಡಿದ್ದಾರೆ. ಎಮ್ಮೆ ಚರ್ಮದವನು ಎಂದು ಬೈದು ಬಡ್ತಿ ಕೊಡುವುದು ಯಾವ ನ್ಯಾಯ?

ಉತ್ತರ: ಬೈದಿಲ್ಲ, ಮೆಚ್ಚಿಕೊಂಡಿದ್ದಾರೆ. ನಮ್ಮಲ್ಲಿ ದಪ್ಪ ಚರ್ಮದವನು ಎಂದರೆ ಎಷ್ಟು ಹೇಳಿದರೂ ನಾಟದವನು, ನಾಚಿಕೆ ಬಿಟ್ಟವನು. ಇಂಗ್ಲಿಷಿನ ‘ಥಿಕ್-ಸ್ಕಿನ್ಡ್’ ಸಾಮಾನ್ಯವಾಗಿ ಟೀಕೆ ಕೇಳಿ ಕುಸಿದು ಕೂರದೆ ಕೆಲಸ ಮುಂದುವರಿಸುವವರಿಗೆ ಸಲ್ಲುವ ಮಾತು. ದಿನವಿಡೀ ಗ್ರಾಹಕರ ದೂರು ಕೇಳುವವರಿಗೆ, ಚುನಾವಣೆಗೆ ನಿಲ್ಲುವವರಿಗೆ, ಬರಹಗಾರರಿಗೆ ಈ ಗುಣ ಬೇಕು ಎನ್ನುತ್ತಾರೆ. ಬೈಗುಳವಾಗಿ ಬಳಸುವುದೂ ಉಂಟು, ಆದರೆ ಆಗ ವಾಕ್ಯದಲ್ಲೇ ಸುಳಿವಿರುತ್ತದೆ. ‘ಟೂ ಥಿಕ್-ಸ್ಕಿನ್ಡ್ ಟು ನೋಟಿಸ್’ ಎಂದರೆ ಎದುರಿನವರ ನೋವು ಗಮನಕ್ಕೇ ಬಾರದಷ್ಟು ಜಡ. ಟೀಕೆ ತಡೆದುಕೊಂಡರೆ ಗುಣ, ಇನ್ನೊಬ್ಬರ ನೋವು ತಟ್ಟದಿದ್ದರೆ ದೋಷ. ಇದರ ಎದುರು ಮಾತಾದ ‘ಥಿನ್-ಸ್ಕಿನ್ಡ್’ ಮಾತ್ರ ಯಾವಾಗಲೂ ಆಕ್ಷೇಪಣೆಯೇ: ಸಣ್ಣ ಮಾತಿಗೂ ನೊಂದುಕೊಳ್ಳುವವರು.

ಇಂಥ ತಿರುಗುಮುರುಗು ಶಾಖದ ಮಾತುಗಳಲ್ಲಿ ಇನ್ನೂ ಹೆಚ್ಚು. ಕನ್ನಡದಲ್ಲಿ ತಂಪು ಒಳ್ಳೆಯದು. ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹರಸುತ್ತೇವೆ. ಬಿಸಿ ಎಂದರೆ ಬಹುಪಾಲು ಸಿಟ್ಟು. ಇಂಗ್ಲಿಷಿನಲ್ಲಿ ಶಾಖಕ್ಕೆ ನಾಲ್ಕು ಮೆಟ್ಟಿಲಿವೆ, ನಾಲ್ಕಕ್ಕೂ ಬೇರೆ ಬೇರೆ ಬೆಲೆ. ‘ವಾರ್ಮ್’ ಎಂದರೆ ಅಕ್ಕರೆಯ ಮನುಷ್ಯ, ಶುದ್ಧ ಹೊಗಳಿಕೆ. ‘ಕೂಲ್’ ಎಂದರೆ ಸಮಾಧಾನಿ, ಇಲ್ಲವೇ ಮೆಚ್ಚತಕ್ಕವನು. ‘ಕೋಲ್ಡ್’ ಎಂದರೆ ಮಮತೆಯಿಲ್ಲದವನು. ‘ಹಾಟ್-ಹೆಡೆಡ್’ ಎಂದರೆ ಮುಂಗೋಪಿ. ‘ಕೂಲ್’ ಮತ್ತು ‘ಕೋಲ್ಡ್’ ನಡುವೆ ಒಂದೇ ಮೆಟ್ಟಿಲಿದ್ದರೂ ‘ಕೂಲ್ ಆ್ಯಸ್ ಎ ಕ್ಯುಕಂಬರ್’ ಎಂದರೆ ಗಡಿಬಿಡಿಯಲ್ಲೂ ಅಲುಗದವನು, ‘ಎ ಕೋಲ್ಡ್ ಫಿಶ್’ ಎಂದರೆ ಯಾರ ಸುಖದುಃಖಕ್ಕೂ ಮಿಡಿಯದವನು. ಶಾಂತ ಸ್ವಭಾವದ ಗೆಳತಿಯನ್ನು ಹೊಗಳಲು ಹೋಗಿ ‘ಶಿ ಈಸ್ ವೆರಿ ಕೋಲ್ಡ್’ ಎಂದರೆ ಗೆಳೆತನಕ್ಕೇ ಕುತ್ತು. ‘ಕೂಲ್’ ಕೂಡ ‘ಟುವರ್ಡ್ಸ್’ ಜೊತೆ ಬಂದರೆ ಅರ್ಥ ಬದಲಾಗುತ್ತದೆ: ‘ಶಿ ವಾಸ್ ಕೂಲ್ ಟುವರ್ಡ್ಸ್ ಮಿ’ ಎಂದರೆ ಮುಖ ಕೊಟ್ಟು ಮಾತಾಡಲಿಲ್ಲ ಎಂದೇ.

‘ಬ್ಲೋ ಹಾಟ್ ಅಂಡ್ ಕೋಲ್ಡ್’ ಎಂಬುದು ಕೋಪಕ್ಕೆ ಸಂಬಂಧಿಸಿದ್ದಲ್ಲ. ಇಂದು ಹೂಂ, ನಾಳೆ ಊಹೂಂ ಎನ್ನುವ ಚಂಚಲರಿಗೆ ಹೇಳುವುದು. ಈಸೋಪನ ಕಥೆಯೊಂದರಲ್ಲಿ ಪ್ರಯಾಣಿಕ ಚಳಿಗೆ ಕೈ ಬಿಸಿಯಾಗಲೆಂದು ಊದುತ್ತಾನೆ, ಆಮೇಲೆ ಊಟ ಆರಲೆಂದು ಊದುತ್ತಾನೆ. ಒಂದೇ ಬಾಯಿಂದ ಬಿಸಿಯನ್ನೂ ತಂಪನ್ನೂ ಊದುವವನ ಸಹವಾಸ ಬೇಡವೆಂದು ಆಶ್ರಯ ಕೊಟ್ಟ ವನದೇವತೆ ಅವನನ್ನು ಬಿಟ್ಟುಬಿಡುತ್ತಾನೆ. ನುಡಿಗಟ್ಟು ಬಂದಿರುವುದು ಅಲ್ಲಿಂದ.

ಪ್ರಶ್ನೆ: ‘ಹಿ ಹ್ಯಾಸ್ ಚಿಪ್ ಇನ್ ಶೋಲ್ಡರ್’ ಎಂದು ಬರೆದಿದ್ದಕ್ಕೆ ಮೇಷ್ಟ್ರು ಕೆಂಪು ಗೆರೆ ಎಳೆದರು. ಅರ್ಥ ಸರಿಯಿದ್ದರೆ ಸಾಲದೇ?

ಉತ್ತರ: ಸಾಲದು. ನುಡಿಗಟ್ಟಿನಲ್ಲಿ ಕೆಲವು ಪದಗಳು ಬೆಸುಗೆ ಹಾಕಿದಂತೆ ಕೂತಿರುತ್ತವೆ, ಕೆಲವು ಮಾತ್ರ ಕರ್ತೃವಿಗೆ ತಕ್ಕಂತೆ ಬದಲಾಗುತ್ತವೆ. ಯಾವುದು ಯಾವುದೆಂದು ಗೊತ್ತಿರಬೇಕು. ನಿಮ್ಮ ವಾಕ್ಯ ಹೀಗಿರಬೇಕಿತ್ತು: ‘ಹಿ ಹ್ಯಾಸ್ ಎ ಚಿಪ್ ಆನ್ ಹಿಸ್ ಶೋಲ್ಡರ್.’ ‘ಎ’ ಬಿಡುವಂತಿಲ್ಲ, ‘ಆನ್’ ಬದಲಿಸುವಂತಿಲ್ಲ. ‘ಹಿಸ್’ ಮಾತ್ರ ‘ಹರ್’, ‘ಮೈ’, ‘ದೇರ್’ ಆಗಬಹುದು. ಕನ್ನಡದಲ್ಲಿ ‘ಎ’, ‘ದ’ ಇಲ್ಲದಿರುವುದರಿಂದ ನಮ್ಮ ಕಿವಿಗೆ ಅವು ಇಲ್ಲದ್ದು ಗೊತ್ತೇ ಆಗುವುದಿಲ್ಲ. ನಮ್ಮವರು ಬರೆದ ನುಡಿಗಟ್ಟುಗಳಲ್ಲಿ ಮೊದಲು ಬಿದ್ದುಹೋಗುವುದೂ ಅವೇ.

ಇದೇ ಜಾಡಿನ ತಪ್ಪುಗಳು ಇನ್ನೂ ಕೆಲವಿವೆ. ‘ವೆರಿ’ ಸೇರಿಸುವುದು ಮೊದಲನೆಯದು. ಎಲ್ಲರ ಉತ್ಸಾಹಕ್ಕೆ ನೀರೆರಚುವವರನ್ನು ‘ಎ ವೆಟ್ ಬ್ಲ್ಯಾಂಕೆಟ್’ ಎನ್ನುತ್ತಾರೆ; ಬೆಂಕಿ ಆರಿಸಲು ಒದ್ದೆ ಕಂಬಳಿ ಹೊದಿಸುವುದರಿಂದ ಬಂದ ಮಾತು. ‘ಎ ವೆರಿ ವೆಟ್ ಬ್ಲ್ಯಾಂಕೆಟ್’ ಎಂದ ಕೂಡಲೇ ಅದು ನಿಜವಾದ ಕಂಬಳಿಯಾಗಿಬಿಡುತ್ತದೆ, ಹಿಂಡಿ ಒಣಹಾಕಬೇಕಾಗುತ್ತದೆ. ಒತ್ತು ಕೊಡಬೇಕಿದ್ದರೆ ‘ಎ ರಿಯಲ್ ವೆಟ್ ಬ್ಲ್ಯಾಂಕೆಟ್’, ಮೆದುವಾಗಿಸಬೇಕಿದ್ದರೆ ‘ಎ ಬಿಟ್ ಆಫ್ ಎ ವೆಟ್ ಬ್ಲ್ಯಾಂಕೆಟ್’. ಈ ‘ಎ ಬಿಟ್ ಆಫ್ ಎ’ ಬಹಳ ಉಪಕಾರಿ. ಸ್ವಭಾವ ಹೇಳುವ ಅನೇಕ ನಾಮಪದ ನುಡಿಗಟ್ಟುಗಳ ಮುಂದೆ ಕೂರುತ್ತದೆ, ಮಾತಿನ ಚೂಪನ್ನು ಅರ್ಧ ಇಳಿಸುತ್ತದೆ. ಇನ್ನು ಪದದ ಜಾಗದಲ್ಲಿ ಅದೇ ಅರ್ಥದ ಬೇರೆ ಪದ ಇಡುವುದು: ‘ಡ್ಯಾಂಪ್ ಬ್ಲ್ಯಾಂಕೆಟ್’, ‘ಕೂಲ್ ಫಿಶ್’ ನಡೆಯುವುದಿಲ್ಲ. ಕರ್ಮಣಿ ಪ್ರಯೋಗವೂ ಹೆಚ್ಚಾಗಿ ನಡೆಯದು. ತನ್ನನ್ನು ತಾನೇ ಹೊಗಳಿಕೊಳ್ಳುವುದಕ್ಕೆ ‘ಬ್ಲೋ ಯುವರ್ ಓನ್ ಟ್ರಂಪೆಟ್’ ಎನ್ನುತ್ತಾರೆ; ಅದನ್ನು ತಿರುಗಿಸಿ ‘ಹಿಸ್ ಓನ್ ಟ್ರಂಪೆಟ್ ವಾಸ್ ಬ್ಲೋನ್ ಬೈ ಹಿಮ್’ ಎಂದರೆ ಕೇಳಿದವರು ನಿಜವಾಗಿ ತುತ್ತೂರಿ ಹುಡುಕಿಯಾರು.

ಕ್ರಿಯಾಪದದ ರೂಪ ನೋಡಿಕೊಳ್ಳಿ. ಬೇಗ ಸಿಟ್ಟಾಗುವವನ ಬಗ್ಗೆ ‘ಹಿ ಈಸ್ ಹ್ಯಾವಿಂಗ್ ಎ ಶಾರ್ಟ್ ಫ್ಯೂಸ್’ ಎನ್ನುವುದು ತಪ್ಪು. ಸ್ವಭಾವ ಎಂದರೆ ಇರುವ ಸ್ಥಿತಿ, ಅದಕ್ಕೆ ‘ಹ್ಯಾಸ್’ ಸಾಕು. ಆದರೆ ‘ಹಿ ಈಸ್ ಆಲ್ವೇಸ್ ಬ್ಲೋಯಿಂಗ್ ಹಿಸ್ ಓನ್ ಟ್ರಂಪೆಟ್’ ಸರಿ. ಅಭ್ಯಾಸದ ಜೊತೆ ‘ಆಲ್ವೇಸ್’ ಮತ್ತು ‘ಇಂಗ್’ ಒಟ್ಟಿಗೆ ಬಂದರೆ ಸಾಮಾನ್ಯವಾಗಿ ಹೇಳುವವರ ಬೇಸರ ತಾನಾಗಿ ಸೇರಿಕೊಳ್ಳುತ್ತದೆ: ಯಾವಾಗ ನೋಡಿದರೂ ತನ್ನದೇ ತುತ್ತೂರಿ ಊದುತ್ತಾನಪ್ಪ ಎಂಬ ಧಾಟಿ. ಬೇಸರವಿಲ್ಲದೆ ಹೇಳಬೇಕಿದ್ದರೆ ‘ಹಿ ಟೆಂಡ್ಸ್ ಟು’ ಎಂದು ಶುರು ಮಾಡಿ.

ಅರ್ಥದ ಬಗ್ಗೆಯೂ ಒಂದು ಎಚ್ಚರಿಕೆ. ಭುಜದ ಮೇಲಿನ ಚಿಪ್ ಎಂದರೆ ಮರದ ಚಕ್ಕೆ. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಜಗಳಕ್ಕೆ ನಿಂತ ಹುಡುಗ ಭುಜದ ಮೇಲೆ ಚಕ್ಕೆ ಇಟ್ಟು ‘ತಾಕತ್ತಿದ್ದರೆ ಬೀಳಿಸು’ ಎಂದು ಕೆಣಕುತ್ತಿದ್ದ. 1830ರ ನ್ಯೂಯಾರ್ಕ್ ಭಾಗದ ಪತ್ರಿಕೆಯಲ್ಲಿ ಈ ರೂಢಿಯ ಉಲ್ಲೇಖವಿದೆ. ಈಗ ಅದು ತನಗೆ ಅನ್ಯಾಯವಾಗಿದೆ ಎಂಬ ಹಳೆಯ ಕಹಿಯನ್ನು ಹೊತ್ತುಕೊಂಡು ಎಲ್ಲರ ಮೇಲೂ ಎಗರುವವರಿಗೆ ಹೇಳುವ ಮಾತು. ‘ಎ ಚಿಪ್ ಆಫ್ ದ ಓಲ್ಡ್ ಬ್ಲಾಕ್’ ಜೊತೆ ಇದನ್ನು ಕಲಸಬೇಡಿ. ಅದು ಅಪ್ಪನ ಅಥವಾ ಅಮ್ಮನ ತದ್ರೂಪ ಗುಣದ ಮಗುವಿಗೆ ಸಲ್ಲುವ, ಹೆಚ್ಚಾಗಿ ಅಕ್ಕರೆಯ ಮಾತು.

ಪ್ರಶ್ನೆ: ಸಂದರ್ಶನದಲ್ಲಿ ‘ಡಿಸ್ಕ್ರೈಬ್ ಯುವರ್‌ಸೆಲ್ಫ್’ ಎಂದರೆ ‘ಐ ಆ್ಯಮ್ ಎ ಜಾಕ್ ಆಫ್ ಆಲ್ ಟ್ರೇಡ್ಸ್’ ಎನ್ನಬಹುದೇ?

ಉತ್ತರ: ಬೇಡ. ಹದಿನೇಳನೇ ಶತಮಾನದಲ್ಲಿ ಅದು ಹಲವು ಕೆಲಸ ಬಲ್ಲವನು ಎಂಬಷ್ಟೇ ಅರ್ಥಕ್ಕೂ ಬಳಕೆಯಲ್ಲಿತ್ತು. ‘ಮಾಸ್ಟರ್ ಆಫ್ ನನ್’ (ಯಾವುದರಲ್ಲೂ ಪಳಗದವನು) ಎಂಬ ಬಾಲ ಆಮೇಲೆ ಅಂಟಿತು, ಈಗ ಬಾಲವನ್ನು ಹೇಳದಿದ್ದರೂ ಕೇಳುವವರ ತಲೆಯಲ್ಲಿ ಅದು ಬಂದೇ ಬರುತ್ತದೆ. ಆ ಬಾಲಕ್ಕೂ ಇನ್ನೊಂದು ಸಾಲು ಜೋಡಿಸಿ, ಒಂದರಲ್ಲೇ ಪಳಗಿದವನಿಗಿಂತ ಇವನೇ ಎಷ್ಟೋ ಮೇಲು ಎಂಬ ‘ಪೂರ್ಣ ಗಾದೆ’ಯೊಂದು ಮೊಬೈಲುಗಳಲ್ಲಿ ಹರಿದಾಡುತ್ತಿದೆ. ಅದು ಮೂಲ ರೂಪವಲ್ಲ, ಇತ್ತೀಚಿನ ಸೇರ್ಪಡೆ. ಸಂದರ್ಶಕರ ಮುಂದೆ ಅದನ್ನು ಪುರಾತನ ಎಂದು ಒಪ್ಪಿಸಬೇಡಿ.

ಹಲವು ಹೊಣೆ ಹೊತ್ತಿದ್ದೀರಿ ಎನ್ನಲು ‘ಐ ಹ್ಯಾವ್ ವೋರ್ನ್ ಮೆನಿ ಹ್ಯಾಟ್ಸ್’ ಇದೆ. ಒಂದೊಂದು ಟೋಪಿಯೂ ಒಂದೊಂದು ಹೊಣೆ. ‘ಈಗರ್ ಬೀವರ್’ ಎಂದು ನಿಮ್ಮನ್ನು ನೀವೇ ಕರೆದುಕೊಳ್ಳಬೇಡಿ, ಅದರಲ್ಲಿ ಮೇಲಿನವರ ಮೆಚ್ಚುಗೆಗಾಗಿ ಹಾರಾಡುವವನು ಎಂಬ ವ್ಯಂಗ್ಯದ ಎಳೆ ಇದೆ. ‘ಯೆಸ್-ಮ್ಯಾನ್’ ಎಂದರೆ ಒಪ್ಪುವ ಗುಣದವನಲ್ಲ, ಹೊಗಳುಭಟ್ಟ. ‘ಡೌನ್ ಟು ಅರ್ತ್’ ಒಳ್ಳೆಯ ಮಾತೇ, ಆದರೆ ಇನ್ನೊಬ್ಬರು ನಿಮ್ಮ ಬಗ್ಗೆ ಹೇಳಿದರೆ ಚೆಂದ. ನಾನು ತುಂಬ ವಿನಯವಂತ ಎಂದು ತಾನೇ ಹೇಳಿಕೊಂಡರೆ ಹೇಗಿರುತ್ತದೋ ಹಾಗೆ.

ಉತ್ತರ ಕಟ್ಟುವ ಕ್ರಮ ಇಷ್ಟು: ಮೊದಲ ವಾಕ್ಯದಲ್ಲಿ ಗುಣವನ್ನು ಸರಳ ಪದದಲ್ಲಿ ಹೇಳಿ, ಎರಡನೆಯದರಲ್ಲಿ ಆ ಗುಣ ಕೆಲಸಕ್ಕೆ ಬಂದ ಒಂದು ಸಂದರ್ಭ, ಮೂರನೆಯದರಲ್ಲಿ ಫಲಿತಾಂಶ. ನುಡಿಗಟ್ಟು ಬೇಕೆನಿಸಿದರೆ ಇಡೀ ಉತ್ತರದಲ್ಲಿ ಒಂದೇ ಒಂದು, ಅದೂ ಸಂದರ್ಭದ ನಡುವೆ ಸಹಜವಾಗಿ ಬರಲಿ. ಎರಡಾದರೆ ಕಂಠಪಾಠ ಎಂದು ಗೊತ್ತಾಗುತ್ತದೆ.

ಪ್ರಶ್ನೆ: ‘ಕೌಚ್ ಪೊಟೇಟೊ’ದಲ್ಲಿ ಆಲೂಗಡ್ಡೆಯೇ ಯಾಕೆ?

ಉತ್ತರ: ಅಮೆರಿಕದ ಆಡುಮಾತಿನಲ್ಲಿ ಟಿವಿಗೆ ‘ಟ್ಯೂಬ್’ ಎಂಬ ಹೆಸರಿತ್ತು. ಗೆಡ್ಡೆಗೆ ಇಂಗ್ಲಿಷಿನಲ್ಲಿ ‘ಟ್ಯೂಬರ್’. ಟ್ಯೂಬ್ ಮುಂದೆ ಕೂತವನು ಟ್ಯೂಬರ್, ಟ್ಯೂಬರ್ ಎಂದರೆ ಆಲೂಗಡ್ಡೆ ಎಂಬ ಶ್ಲೇಷೆ 1970ರ ದಶಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿತು ಎಂಬುದು ಹೆಚ್ಚಾಗಿ ಒಪ್ಪಿತವಾದ ವಿವರಣೆ. 2005ರಲ್ಲಿ ಬ್ರಿಟನ್ನಿನ ಆಲೂಗಡ್ಡೆ ಬೆಳೆಗಾರರು ಈ ಪದದಿಂದ ತಮ್ಮ ಬೆಳೆಗೆ ಅವಮಾನವಾಗುತ್ತಿದೆ, ಆಕ್ಸ್‌ಫರ್ಡ್ ನಿಘಂಟಿನಿಂದ ತೆಗೆಯಿರಿ ಎಂದು ಲಂಡನ್ನಿನಲ್ಲಿ ಪ್ರತಿಭಟಿಸಿದರು. ಬದಲಿಗೆ ‘ಕೌಚ್ ಸ್ಲೌಚ್’ ಎನ್ನಿ ಎಂದರು. ನಿಘಂಟು ಕದಲಲಿಲ್ಲ. ಬಹುವಚನ ‘ಕೌಚ್ ಪೊಟೇಟೋಸ್’. ಗೆಳೆಯರ ನಡುವೆ ತಮಾಷೆಗೆ ಸರಿ, ವೈದ್ಯರ ವರದಿಗೆ ಸಲ್ಲದು.

ಪ್ರಶ್ನೆ: ಕನ್ನಡದ ಸ್ವಭಾವದ ಮಾತುಗಳಿಗೆ ಇಂಗ್ಲಿಷಿನಲ್ಲಿ ಸರಿಸಮ ನುಡಿಗಟ್ಟು ಸಿಗುತ್ತವೆಯೇ? ಹಿತ್ತಾಳೆ ಕಿವಿ, ಉತ್ತರನ ಪೌರುಷ, ಅಡ್ಡಗೋಡೆ ಮೇಲೆ ದೀಪ, ಕಾಲೆಳೆಯುವುದು, ಗೋಮುಖ ವ್ಯಾಘ್ರ.

ಉತ್ತರ: ಐದರಲ್ಲಿ ಎರಡು ನೇರ ಸಿಗುತ್ತವೆ, ಎರಡು ಅರ್ಧ ಸಿಗುತ್ತವೆ, ಒಂದು ಸಿಗುವುದೇ ಇಲ್ಲ.

ಗೋಮುಖ ವ್ಯಾಘ್ರಕ್ಕೆ ‘ಎ ವುಲ್ಫ್ ಇನ್ ಶೀಪ್ಸ್ ಕ್ಲೋದಿಂಗ್’. ಹುಲಿಯ ಜಾಗದಲ್ಲಿ ತೋಳ, ಹಸುವಿನ ಜಾಗದಲ್ಲಿ ಕುರಿ, ಉಳಿದದ್ದೆಲ್ಲ ಅದೇ. ಉತ್ತರನ ಪೌರುಷ ಒಲೆಯ ಮುಂದೆ ಎನ್ನುವುದಕ್ಕೆ ‘ಆಲ್ ಟಾಕ್ ಅಂಡ್ ನೋ ಆ್ಯಕ್ಷನ್’ ಎಲ್ಲೆಡೆ ನಡೆಯುತ್ತದೆ. ರುಚಿಯಾದ ರೂಪ ಬೇಕಿದ್ದರೆ ಬ್ರಿಟನ್ನಿನಲ್ಲಿ ‘ಆಲ್ ಮೌತ್ ಅಂಡ್ ನೋ ಟ್ರೌಸರ್ಸ್’, ಟೆಕ್ಸಸ್ಸಿನಲ್ಲಿ ‘ಆಲ್ ಹ್ಯಾಟ್ ಅಂಡ್ ನೋ ಕ್ಯಾಟಲ್’: ತಲೆ ಮೇಲೆ ದನಗಾಹಿಯ ಟೋಪಿ, ಕೊಟ್ಟಿಗೆಯಲ್ಲಿ ಒಂದೂ ದನವಿಲ್ಲ. ಉತ್ತರಕುಮಾರ ಅಲ್ಲಿ ಹುಟ್ಟಿದ್ದರೆ ಅಂಥದೇ ಟೋಪಿ ಹಾಕುತ್ತಿದ್ದ.

ಅಡ್ಡಗೋಡೆ ಮೇಲೆ ದೀಪ ಇಡುವವನಿಗೆ ‘ಸಿಟ್ ಆನ್ ದ ಫೆನ್ಸ್’ ಎಂದು ಬರೆಯುವುದು ರೂಢಿ, ಆದರೆ ಇದು ಅರ್ಧ ಹೊಂದಾಣಿಕೆ. ಬೇಲಿಯ ಮೇಲೆ ಕೂತವನು ಯಾವ ಪಕ್ಷಕ್ಕೂ ಸೇರುವುದಿಲ್ಲ, ಸುಮ್ಮನಿದ್ದರೂ ಸಾಕು. ದೀಪ ಇಡುವವನು ಮಾತಾಡಿಯೇ ಎರಡೂ ಕಡೆಗೆ ಬೆಳಕು ತೋರಿಸುತ್ತಾನೆ. ಅದಕ್ಕೆ ‘ಹಿ ನೆವರ್ ಗಿವ್ಸ್ ಎ ಸ್ಟ್ರೇಟ್ ಆನ್ಸರ್’ ಹೆಚ್ಚು ಹತ್ತಿರ. ಕಾಲೆಳೆಯುವುದೂ ಅರ್ಧವೇ. ‘ಪುಲ್ ಸಮ್‌ವನ್ಸ್ ಲೆಗ್’ ಎಂದರೆ ಸುಳ್ಳುಸುಳ್ಳೇ ಏನೋ ಹೇಳಿ ತಮಾಷೆ ಮಾಡುವುದು ಮಾತ್ರ. ಕನ್ನಡದಲ್ಲಿ ಮುಂದೆ ಬರುವವನನ್ನು ಕೆಳಗೆ ಬೀಳಿಸುವುದಕ್ಕೂ ಕಾಲೆಳೆಯುವುದು ಎನ್ನುತ್ತೇವೆ. ಕಚೇರಿಯಲ್ಲಿ ‘ದೆ ಆರ್ ಪುಲಿಂಗ್ ಮೈ ಲೆಗ್’ ಎಂದು ದೂರು ಕೊಟ್ಟರೆ ಅಧಿಕಾರಿ ನಕ್ಕು ಕಳಿಸಿಯಾರು. ಆ ಅರ್ಥಕ್ಕೆ ‘ದೆ ಆರ್ ಅಂಡರ್‌ಮೈನಿಂಗ್ ಮಿ’ ಎನ್ನಬೇಕು.

ಹಿತ್ತಾಳೆ ಕಿವಿಗೆ ಸಮನಾದ ನುಡಿಗಟ್ಟಿಲ್ಲ. ‘ಬ್ರಾಸ್ ಇಯರ್ಸ್’ ಎಂದರೆ ಯಾರಿಗೂ ತಿಳಿಯದು. ಹತ್ತಿರದ ಲೋಹ ಎಂದು ‘ಟಿನ್ ಇಯರ್’ ಬಳಸಿದರೆ ಇನ್ನೂ ಕೆಡುತ್ತದೆ, ಅದು ಸಂಗೀತದ ಅಥವಾ ಮಾತಿನ ಸೂಕ್ಷ್ಮ ತಿಳಿಯದವರಿಗೆ ಹೇಳುವುದು. ‘ಗಲಿಬಲ್’ ಎಂದರೆ ಎಲ್ಲವನ್ನೂ ನಂಬುವವನು. ಚಾಡಿಯನ್ನು ಮಾತ್ರ ನಂಬುವವನಲ್ಲ. ‘ಹಿ ಬಿಲೀವ್ಸ್ ಎವ್ರಿ ಟೇಲ್ ಹಿ ಹಿಯರ್ಸ್ ಅಬೌಟ್ ಪೀಪಲ್’ ಎಂದು ಬಿಡಿಸಿ ಹೇಳುವುದೇ ದಾರಿ. ಬಿಡಿಸಿ ಹೇಳಿದರೆ ಇಂಗ್ಲಿಷ್ ಕಡಿಮೆಯಾಯಿತು ಎಂದುಕೊಳ್ಳುವವರು ಬಹಳ. ಕಡಿಮೆಯಾಗುವುದಿಲ್ಲ.

ಪ್ರಶ್ನೆ: ನಮ್ಮ ತಂಡದಲ್ಲೊಬ್ಬರು ಪ್ರತಿ ಸಭೆಯಲ್ಲೂ ಎಲ್ಲದಕ್ಕೂ ಅಡ್ಡ ಮಾತಾಡುತ್ತಾರೆ. ಅವರನ್ನು ‘ಡೆವಿಲ್ಸ್ ಆ್ಯಡ್ವೊಕೇಟ್’ ಎನ್ನಬಹುದೇ?

ಉತ್ತರ: ಅದು ಸ್ವಭಾವದ ಹೆಸರಲ್ಲ, ಹೊತ್ತುಕೊಂಡ ಪಾತ್ರದ ಹೆಸರು. ಕ್ಯಾಥೊಲಿಕ್ ಚರ್ಚಿನಲ್ಲಿ ಒಬ್ಬರನ್ನು ಸಂತರೆಂದು ಘೋಷಿಸುವ ಮುನ್ನ ಅವರ ವಿರುದ್ಧ ವಾದಿಸಲೆಂದೇ ಒಬ್ಬ ಅಧಿಕಾರಿ ಇರುತ್ತಿದ್ದ, ಅವನನ್ನು ಕರೆಯುತ್ತಿದ್ದದ್ದೇ ಈ ಹೆಸರಿನಿಂದ. 1587ರಲ್ಲಿ ಪೋಪ್ ಐದನೇ ಸಿಕ್ಸ್ಟಸ್ ಕಾಲದಲ್ಲಿ ಈ ಹುದ್ದೆ ವಿಧಿವತ್ತಾಗಿ ಬಂತು, 1983ರಲ್ಲಿ ಎರಡನೇ ಜಾನ್ ಪಾಲ್ ಕಾಲದ ಸುಧಾರಣೆಯಲ್ಲಿ ಅದರ ಹಳೆಯ ಸ್ವರೂಪ ಹೋಯಿತು. ಆ ಅಧಿಕಾರಿಗೆ ಆ ಸಂತರ ಮೇಲೆ ದ್ವೇಷವಿರಲಿಲ್ಲ. ವಾದ ಗಟ್ಟಿಯಿದೆಯೇ ಎಂದು ತಟ್ಟಿ ನೋಡುವುದು ಅವನ ಕೆಲಸ. ಹಾಗಾಗಿ ‘ಲೆಟ್ ಮಿ ಪ್ಲೇ ಡೆವಿಲ್ಸ್ ಆ್ಯಡ್ವೊಕೇಟ್’ ಎಂದು ಒಬ್ಬರು ತಾವಾಗಿ ಹೇಳಿ, ಆಮೇಲೆ ಆ ಪಾತ್ರ ಕಳಚಿಡುತ್ತಾರೆ. ಕ್ರಿಯಾಪದ ‘ಪ್ಲೇ’, ಅದರ ಮುಂದೆ ‘ಎ’ ಬೇಡ. ಸದಾ ಅಡ್ಡ ಮಾತಾಡುವವರಿಗೆ ‘ಕಾಂಟ್ರೇರಿಯನ್’ ಎಂಬ ಪದವಿದೆ. ಮುಖದ ಮೇಲೆ ಹೇಳುವುದು ನಿಮ್ಮ ಧೈರ್ಯಕ್ಕೆ ಬಿಟ್ಟದ್ದು.

ಪ್ರಶ್ನೆ: ‘ಡಾರ್ಕ್ ಹಾರ್ಸ್’ ಮತ್ತು ‘ಬ್ಲ್ಯಾಕ್ ಶೀಪ್’ ಎರಡೂ ಕಪ್ಪೇ. ಎರಡೂ ಬೈಗುಳವೇ?

ಉತ್ತರ: ಕುರಿ ಮಾತ್ರ. ಕಪ್ಪು ಉಣ್ಣೆಗೆ ಬೇರೆ ಬಣ್ಣ ಹಾಕಲಾಗದು, ಆದ್ದರಿಂದ ಬೆಲೆ ಕಡಿಮೆ. ಕುಟುಂಬಕ್ಕೆ ಕೆಟ್ಟ ಹೆಸರು ತಂದವನು ‘ದ ಬ್ಲ್ಯಾಕ್ ಶೀಪ್ ಆಫ್ ದ ಫ್ಯಾಮಿಲಿ’. ಕುದುರೆಯ ಕಪ್ಪು ಬಣ್ಣದ ಮಾತಲ್ಲ, ಕತ್ತಲೆಯ ಮಾತು: ಯಾರಿಗೂ ಸುಳಿವಿಲ್ಲದ ಕುದುರೆ. ಬೆಂಜಮಿನ್ ಡಿಸ್ರೇಲಿಯ 1831ರ ಕಾದಂಬರಿಯೊಂದರ ರೇಸಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ‘ಡಾರ್ಕ್ ಹಾರ್ಸ್’ ಗೆಲ್ಲುತ್ತದೆ. 1844ರಲ್ಲಿ ಅಮೆರಿಕದ ಡೆಮಾಕ್ರಟಿಕ್ ಪಕ್ಷ ಒಂಬತ್ತನೇ ಸುತ್ತಿನ ಮತದಾನದಲ್ಲಿ ಜೇಮ್ಸ್ ಪೋಕ್ ಅವರನ್ನು ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿ ಆರಿಸಿತು. ರಾಜಕೀಯದ ಮೊದಲ ‘ಡಾರ್ಕ್ ಹಾರ್ಸ್’ ಎಂದು ಅವರನ್ನೇ ಹೇಳುತ್ತಾರೆ. ಅಮೆರಿಕದಲ್ಲಿ ಈಗಲೂ ಅದು ಅನಿರೀಕ್ಷಿತ ಸ್ಪರ್ಧಿ. ಬ್ರಿಟನ್ನಿನಲ್ಲಿ ಇನ್ನೊಂದು ಛಾಯೆ ಇದೆ: ತನ್ನ ಪ್ರತಿಭೆ ಬಚ್ಚಿಟ್ಟುಕೊಂಡ ಗುಮ್ಮನಗುಸುಕ. ಯಾರಿಗೂ ಹೇಳದೆ ಪಿಟೀಲು ಕಲಿತವರಿಗೆ ‘ಯೂ ಆರ್ ಎ ಡಾರ್ಕ್ ಹಾರ್ಸ್!’ ಎಂದರೆ ಮೆಚ್ಚುಗೆ.

ಪ್ರಶ್ನೆ: ಒಂದೇ ಅರ್ಥದ ನುಡಿಗಟ್ಟು ಬ್ರಿಟನ್ನಿನಲ್ಲಿ ಒಂದು ರೂಪ, ಅಮೆರಿಕದಲ್ಲಿ ಇನ್ನೊಂದು. ಯಾವುದನ್ನು ಕಲಿಯಬೇಕು?

ಉತ್ತರ: ಯಾವುದಾದರೂ ಒಂದನ್ನು, ಆದರೆ ಒಂದು ಬರಹದಲ್ಲಿ ಎರಡನ್ನೂ ಕಲಸಬೇಡಿ. ಬ್ರಿಟಿಷರು ‘ಬ್ಲೋ ಯುವರ್ ಓನ್ ಟ್ರಂಪೆಟ್’ ಎಂದರೆ ಅಮೆರಿಕನ್ನರು ‘ಟೂಟ್ ಯುವರ್ ಓನ್ ಹಾರ್ನ್’. ಕೈಯಲ್ಲಿ ಹಿಡಿದದ್ದೆಲ್ಲ ಜಾರಿಸುವವನು ಬ್ರಿಟನ್ನಿನಲ್ಲಿ ‘ಆಲ್ ಫಿಂಗರ್ಸ್ ಅಂಡ್ ಥಂಬ್ಸ್’, ಅಮೆರಿಕದಲ್ಲಿ ‘ಆಲ್ ಥಂಬ್ಸ್’. ಎಲ್ಲ ಬಲ್ಲವನಂತೆ ಆಡುವವನು ಬ್ರಿಟನ್ನಿನಲ್ಲಿ ‘ನೋ-ಆಲ್’, ಅಮೆರಿಕದಲ್ಲಿ ‘ನೋ-ಇಟ್-ಆಲ್’. ಒರಟಾಗಿ ಕಂಡರೂ ಒಳ್ಳೆಯ ಮನುಷ್ಯ ಬ್ರಿಟನ್ನಿನಲ್ಲಿ ‘ಎ ರಫ್ ಡೈಮಂಡ್’, ಅಮೆರಿಕದಲ್ಲಿ ‘ಎ ಡೈಮಂಡ್ ಇನ್ ದ ರಫ್’.

ಪ್ರಶ್ನೆ: ‘ವೇರ್ ಯುವರ್ ಹಾರ್ಟ್ ಆನ್ ಯುವರ್ ಸ್ಲೀವ್’ ಶೇಕ್ಸ್‌ಪಿಯರ್‌ನದು ಎನ್ನುತ್ತಾರೆ. ಅವನು ಹೊಗಳಿದ್ದೇ?

ಉತ್ತರ: ‘ಒಥೆಲೊ’ ನಾಟಕದ ಮೊದಲ ದೃಶ್ಯದಲ್ಲಿ ಇದನ್ನು ಹೇಳುವವನು ಇಯಾಗೊ, ಪರಮ ಕಪಟಿ. ಹೃದಯವನ್ನು ತೋಳಿನ ಮೇಲೆ ತೊಟ್ಟರೆ ಹಕ್ಕಿಗಳು ಕುಕ್ಕಿಯಾವು, ಆದ್ದರಿಂದ ನಾನು ಕಂಡಂತೆ ಇರುವವನಲ್ಲ ಎಂಬುದು ಅವನ ಮಾತಿನ ತಿರುಳು. ಇಂದಿನ ಬಳಕೆ ಹೊಗಳಿಕೆಗೂ ತೆಗಳಿಕೆಗೂ ನಡುವೆ ನಿಂತಿದೆ. ಮನಸ್ಸಿನಲ್ಲಿದ್ದದ್ದು ಮುಖದಲ್ಲಿ ಕಾಣುವವರು ಎಂದಷ್ಟೇ. ಬಹುವಚನದಲ್ಲಿ ಎಲ್ಲವೂ ಬದಲಾಗುತ್ತವೆ: ‘ದೆ ವೇರ್ ದೇರ್ ಹಾರ್ಟ್ಸ್ ಆನ್ ದೇರ್ ಸ್ಲೀವ್ಸ್.’

ಪ್ರಶ್ನೆ: ಪಟ್ಟಿ ಹಿಡಿದು ನೂರಾರು ನುಡಿಗಟ್ಟು ಬಾಯಿಪಾಠ ಮಾಡಿದೆ. ಮಾತಾಡುವಾಗ ಒಂದೂ ಬರುವುದಿಲ್ಲ. ಏನು ಮಾಡಲಿ?

ಉತ್ತರ: ಪಟ್ಟಿ ಬಿಡಿ. ವಾರಕ್ಕೆ ಐದು ಸಾಕು. ಪ್ರತಿಯೊಂದಕ್ಕೂ ನೋಟ್‌ಬುಕ್ಕಿನಲ್ಲಿ ನಾಲ್ಕು ವಿಷಯ ಬರೆಯಿರಿ: ‘ಎ’, ‘ದ’ ಸಮೇತ ಪೂರ್ಣ ರೂಪ; ಬದಲಾಗುವ ಪದಕ್ಕೆ ಅಡಿಗೆರೆ; ಹೊಗಳಿಕೆಗೆ ಕೂಡು ಚಿಹ್ನೆ, ತೆಗಳಿಕೆಗೆ ಕಳೆ ಚಿಹ್ನೆ, ಎರಡೂ ಆಗುವುದಿದ್ದರೆ ಎರಡೂ; ಮತ್ತು ನಿಮಗೆ ಗೊತ್ತಿರುವ ಒಬ್ಬ ವ್ಯಕ್ತಿಯ ಮೇಲೆ ಕಟ್ಟಿದ ಒಂದು ವಾಕ್ಯ. ನಾಲ್ಕನೆಯದೇ ಮುಖ್ಯ. ಬೆಳಗಿನ ಜಾವವೇ ಎದ್ದು ಕೂರುವ ಅತ್ತೆಯನ್ನು ‘ಎ ಅರ್ಲಿ ಬರ್ಡ್’ ಅಲ್ಲ, ‘ಆ್ಯನ್ ಅರ್ಲಿ ಬರ್ಡ್’ ಎಂದು ಬರೆದವರಿಗೆ ‘ಆ್ಯನ್’ ಮತ್ತೆ ಮರೆಯುವುದಿಲ್ಲ. ರಾತ್ರಿ ಎರಡಕ್ಕೆ ಮಲಗುವ ತಮ್ಮ ‘ಎ ನೈಟ್ ಔಲ್’. ಗೂಬೆ ಎಂದರೆ ಅಪಶಕುನ ಎಂದು ಮುಜುಗರ ಬೇಡ, ಇದರಲ್ಲಿ ನಿಂದೆಯಿಲ್ಲ. ದಿನಚರಿ ಒಂದಿಷ್ಟೂ ಕದಲಿಸದ ಅಜ್ಜ ‘ಎ ಕ್ರೀಚರ್ ಆಫ್ ಹ್ಯಾಬಿಟ್’, ಮೆದುವಾದ ಮಾತು. ಅದೇ ಅಜ್ಜ ಯಾರ ಮಾತನ್ನೂ ಕೇಳದಿದ್ದರೆ ‘ಸೆಟ್ ಇನ್ ಹಿಸ್ ವೇಸ್’, ಸ್ವಲ್ಪ ದೂರು. ಹೊಸದನ್ನು ಕಂಡರೇ ಮೂತಿ ತಿರುಗಿಸಿದರೆ ‘ಎ ಸ್ಟಿಕ್-ಇನ್-ದ-ಮಡ್’, ಪೂರ್ತಿ ದೂರು. ಹೀಗೆ ಒಂದೇ ಗುಣದ ಮೂರು ಹದಗಳನ್ನು ಒಟ್ಟಿಗೆ ಕಲಿತರೆ ಬೇಕಾದಾಗ ಸರಿಯಾದದ್ದು ಬಾಯಿಗೆ ಬರುತ್ತದೆ.

ಎರಡು ವಾರ ಬರೀ ಕೇಳಿಸಿಕೊಳ್ಳಿ, ಓದಿನಲ್ಲಿ ಗುರುತಿಸಿ. ಯಾರು ಯಾರಿಗೆ ಹೇಳಿದರು ಎಂದು ನೋಡಿದ ಮೇಲೆ ನೀವು ಬಳಸಿ. ಬಳಸುವಾಗಲೂ ಮೊದಲು ನಿಮ್ಮ ಮೇಲೆಯೇ: ‘ಐ ಆ್ಯಮ್ ಎ ಬಿಟ್ ಆಫ್ ಎ ನೈಟ್ ಔಲ್’ ಎಂದರೆ ಯಾರಿಗೂ ನೋವಾಗದು.

ಪ್ರಶ್ನೆ: ‘ಎ ಬುಲ್ ಇನ್ ಎ ಚೈನಾ ಶಾಪ್’ನಲ್ಲಿ ಚೀನಾ ದೇಶ ಯಾಕೆ ಬಂತು?

ಉತ್ತರ: ದೇಶವಲ್ಲ, ಪಿಂಗಾಣಿ. ಪಿಂಗಾಣಿ ಪಾತ್ರೆಗಳ ಅಂಗಡಿಗೆ ನುಗ್ಗಿದ ಗೂಳಿ. ನಡೆದರೆ ಏನಾದರೂ ಬೀಳಿಸುವವರಿಗೂ ಸಲ್ಲುತ್ತದೆ, ನಾಜೂಕಿನ ವಿಷಯದಲ್ಲಿ ಒರಟಾಗಿ ಬಾಯಿ ಹಾಕುವವರಿಗೂ ಸಲ್ಲುತ್ತದೆ. ಸಾಮಾನ್ಯವಾಗಿ ‘ಲೈಕ್’ ಜೊತೆ ಬರುತ್ತದೆ: ‘ಹಿ ವಾಸ್ ಲೈಕ್ ಎ ಬುಲ್ ಇನ್ ಎ ಚೈನಾ ಶಾಪ್.’ ಬರೆಯುವಾಗ ‘ಚೈನಾ’ದ ಮೊದಲ ಅಕ್ಷರ ಚಿಕ್ಕದು, ದೊಡ್ಡದಾಗಿ ಬರೆದರೆ ದೇಶವಾಗಿಬಿಡುತ್ತದೆ.